ಕಾಲರಾ ವಿಷದ ಗುಟ್ಟು ಬಿಡಿಸಿದ ಡಾ. ಶಂಭುನಾಥ ದೇ

ದಾವಣಗೆರೆ: ತುಂಗಭದ್ರೆಯ ನೀರನ್ನು ನೆಚ್ಚಿರುವ ಹರಿಹರ, ದಾವಣಗೆರೆಯ ಜನರಿಗೆ ವಾಂತಿಭೇದಿ ಎಂಬ ಹೆಸರು ಹೊಸದಲ್ಲ. ನಗರದ ಜೆಜೆಎಂ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಕಾಲರಾ ವಿಷದ ಪಾಠವನ್ನು ಓದಿಯೇ ಮುಂದೆ ಸಾಗುತ್ತಾರೆ. ಆ ವಿಷದ ಇರವನ್ನು ಪ್ರಯೋಗದಿಂದ ಸಾಬೀತುಪಡಿಸಿದವರು ಕಲ್ಕತ್ತೆಯ ಡಾ. ಶಂಭುನಾಥ ದೇ. ಬಾಯಿಯ ಮೂಲಕ ನೀಡುವ ಕಾಲರಾ ಲಸಿಕೆಯ ಹಿಂದೆ ಅವರ ದುಡಿಮೆಯಿದೆ.

1915ರ ಫೆಬ್ರುವರಿ 1ರಂದು ಹೂಗ್ಲಿ ಜಿಲ್ಲೆಯ ಗರೀಬಾಟಿ ಎಂಬ ಹಳ್ಳಿಯಲ್ಲಿ ಬಡ ಕುಟುಂಬವೊಂದರಲ್ಲಿ ದೇ ಜನಿಸಿದರು. ವಿದ್ಯಾರ್ಥಿವೇತನ ಹಾಗೂ ಬಂಧುಗಳ ನೆರವಿನಿಂದ ಕಲಿತು 1939ರಲ್ಲಿ ವೈದ್ಯ ಪದವಿ ಪಡೆದರು. 1949ರಲ್ಲಿ ಲಂಡನ್ನಿನಲ್ಲಿ ಡಾಕ್ಟರೇಟ್ ಗಳಿಸಿ ತಾಯ್ನಾಡಿಗೆ ಮರಳಿದರು.

ಕಾಲರಾ ರೋಗಾಣುವನ್ನು ರಾಬರ್ಟ್ ಕಾಕ್ ಅವರು 1884ರಲ್ಲಿಯೇ ಗುರುತಿಸಿದ್ದರು. ಆದರೆ ಅದು ಮನುಷ್ಯನನ್ನು ಕೊಲ್ಲುವ ಬಗೆ ಏಳು ದಶಕ ಕಳೆದರೂ ತಿಳಿದಿರಲಿಲ್ಲ. ದೇ ಅವರು ಸೀದಾ ಕರುಳಿಗೇ ಕೈಹಾಕಿದರು. ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ಕಡೆ ದಾರದಿಂದ ಬಿಗಿದು, ನಡುವೆ ರೋಗಾಣು ಸೇರಿಸಿದರು. ಮರುದಿನ ಆ ಭಾಗ ಅಕ್ಕಚ್ಚಿನಂಥ ದ್ರವದಿಂದ ಉಬ್ಬಿತ್ತು! 1953ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ದುಬಾರಿ ಯಂತ್ರವೇನೂ ಬೇಕಾಗಿರಲಿಲ್ಲ ಎಂಬುದು ಗಮನಾರ್ಹ. ರೋಗಾಣುಗಳನ್ನು ಸೋಸಿ ತೆಗೆದ ಬಳಿಕ ಉಳಿದ ದ್ರವವೂ ಇದೇ ಪರಿಣಾಮ ಬೀರುತ್ತದೆಂದು 1959ರಲ್ಲಿ ಅವರು ತೋರಿಸಿದರು. ರೋಗಾಣು ರಕ್ತಕ್ಕೆ ನುಗ್ಗುವುದಿಲ್ಲ. ಕರುಳಿನಲ್ಲೇ ಕುಳಿತು ವಿಷ ಸ್ರವಿಸಿ, ದೇಹದ ನೀರು ಮತ್ತು ಲವಣಗಳನ್ನು ಹೊರಹಾಕಿಸುತ್ತದೆ.

ಶತ್ರು ಕರುಳಿನಲ್ಲಿದ್ದರೆ ಕಾವಲೂ ಅಲ್ಲಿಯೇ ಇರಬೇಕಲ್ಲವೇ? ಹಳೆಯ ಚುಚ್ಚುಮದ್ದು ನೀಡುತ್ತಿದ್ದ ರಕ್ಷಣೆ ಅಲ್ಪಕಾಲದ್ದಾಗಿತ್ತು. ವಿಷದ ನಿರಪಾಯಕಾರಿ ಅಂಶವನ್ನು ಸತ್ತ ರೋಗಾಣುಗಳೊಂದಿಗೆ ಬೆರೆಸಿ ಕುಡಿಸುವ ಲಸಿಕೆಯನ್ನು 1985ರಲ್ಲಿ ಬಾಂಗ್ಲಾದೇಶದ ಮತ್ಲಬ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಅದೇ ವರ್ಷದ ಏಪ್ರಿಲ್ 15ರಂದು ದೇ ನಿಧನರಾದರು. 2009ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್‌ನ ಲಸಿಕೆಯಲ್ಲಿ ವಿಷದ ಅಂಶವಿರಲಿಲ್ಲ, ಸತ್ತ ರೋಗಾಣುಗಳಷ್ಟೇ ಇದ್ದವು. ಆದರೂ ಅದು ಕರುಳಿನ ಕಾವಲನ್ನೇ ಎಬ್ಬಿಸುತ್ತಿತ್ತು. ಎರಡು ವಾರಗಳ ಅಂತರದಲ್ಲಿ ಎರಡು ಬಾರಿ ಕುಡಿಸುತ್ತಿದ್ದ ಅದು ರೋಗ ತಡೆಯಲೆಂದೇ ಇತ್ತು; ಭೇದಿ ಆರಂಭವಾದವರಿಗೆ ಓಆರ್‌ಎಸ್ ಮತ್ತು ವೈದ್ಯರೇ ಗತಿ.

ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರು ದೇ ಹೆಸರನ್ನು ಒಂದಕ್ಕಿಂತ ಹೆಚ್ಚು ಬಾರಿ ನೊಬೆಲ್‌ಗೆ ಸೂಚಿಸಿದ್ದರು. 1978ರಲ್ಲಿ ನೊಬೆಲ್ ವಿಚಾರಸಂಕಿರಣಕ್ಕೆ ಸ್ವೀಡನ್ನಿನಿಂದ ಆಹ್ವಾನ ಬಂದಿತ್ತು. ಸ್ವದೇಶದ ಪ್ರಮುಖ ವಿಜ್ಞಾನ ಅಕಾಡೆಮಿಗಳು ಮಾತ್ರ ಅವರಿಗೆ ಸದಸ್ಯತ್ವ ನೀಡಲಿಲ್ಲ. ಅವರು ತೀರಿಕೊಂಡ ಐದು ವರ್ಷಗಳ ನಂತರ, 1990ರಲ್ಲಿ, ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯು ದೇ ಅವರ ಸಾಧನೆಗೆ ಮೀಸಲಾದ ವಿಶೇಷ ಸಂಚಿಕೆ ಹೊರತಂದಿತು.