ಡಾ. ಹೋಮಿ ಜಹಾಂಗೀರ್ ಭಾಭಾ (1909–1966) ಮತ್ತು ವಿಶ್ವಕಿರಣಗಳ ಅಧ್ಯಯನ

ಹೈದರಾಬಾದಿನಿಂದ ಹಾರಿಬಿಡಲಾಗುವ ವೈಜ್ಞಾನಿಕ ಬಲೂನುಗಳ ಉಪಕರಣಗಳು ಉತ್ತರ ಕರ್ನಾಟಕದಲ್ಲಿ ಇಳಿಯುವುದುಂಟು. ರಾಯಚೂರು ನಗರ, ದೇವದುರ್ಗ ಹಾಗೂ ಮಾನ್ವಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ, ಭಾರತದಲ್ಲಿ ಈ ಅಧ್ಯಯನಕ್ಕೆ ಬುನಾದಿ ಹಾಕಿದ ಡಾ. ಭಾಭಾ ಅವರ ಜೀವನ ವಿವರವನ್ನು ಇಲ್ಲಿ ನೀಡಲಾಗಿದೆ.

ಭಾಭಾ ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯಲ್ಲಿ ಜನಿಸಿದರು. ಅವರ ತಾತ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಉನ್ನತ ಅಧಿಕಾರಿಯಾಗಿದ್ದರು. ಕೇಂಬ್ರಿಡ್ಜ್‌ನಲ್ಲಿ ಮೊದಲು ಇಂಜಿನಿಯರಿಂಗ್, ನಂತರ ಭೌತಶಾಸ್ತ್ರ ವ್ಯಾಸಂಗ ಮಾಡಿದ ಅವರು, 1937ರಲ್ಲಿ ಹೈಟ್ಲರ್ ಅವರೊಡನೆ ಒಂದು ಮಹತ್ವದ ಸಿದ್ಧಾಂತವನ್ನು ಮಂಡಿಸಿದರು. ಆಕಾಶದಿಂದ ಬರುವ ವೇಗದ ಎಲೆಕ್ಟ್ರಾನು ಗಾಳಿಗೆ ತಾಗಿದೊಡನೆ ಬೆಳಕಿನ ಕಣವನ್ನು ಹೊರಸೂಸುತ್ತದೆ. ಆ ಕಣವು ಒಂದು ಎಲೆಕ್ಟ್ರಾನು ಮತ್ತು ಒಂದು ಪಾಸಿಟ್ರಾನು ಆಗಿ ಮಾರ್ಪಡುತ್ತದೆ. ಅವು ಮತ್ತೆ ಬೆಳಕನ್ನು ಹೊರಸೂಸುತ್ತವೆ. ಹೀಗೆ ಒಂದು ಕಣವು ಸಾವಿರಾರು ಕಣಗಳ ಸುರಿಮಳೆಯಾಗುತ್ತದೆ. ಆದ್ದರಿಂದ ಬಾಹ್ಯಾಕಾಶದಿಂದ ಹೊರಟ ಮೂಲ ಎಲೆಕ್ಟ್ರಾನು ನೆಲಕ್ಕೆ ತಲುಪುವುದೇ ಇಲ್ಲ.

1939ರಲ್ಲಿ ರಜೆಯ ಮೇಲೆ ಭಾರತಕ್ಕೆ ಬಂದಿದ್ದ ಭಾಭಾ, ಮಹಾಯುದ್ಧ ಆರಂಭವಾದ ಕಾರಣ ಇಲ್ಲಿಯೇ ಉಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ.ವಿ. ರಾಮನ್ ಅವರು ಮುಖ್ಯಸ್ಥರಾಗಿದ್ದ ವಿಭಾಗದಲ್ಲಿ, ವಿಶ್ವಕಿರಣ ಸಂಶೋಧನಾ ಘಟಕವನ್ನು ಕಟ್ಟಿದರು. ಆಕಸ್ಮಿಕವಾಗಿ ಒದಗಿದ ಈ ವಾಸ್ತವ್ಯ ರಾಜ್ಯದ ಪಾಲಿಗೆ ಲಾಭದಾಯಕವೇ ಆಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1945ರಲ್ಲಿ ಬೆಂಗಳೂರಿನಲ್ಲಿಯೇ ಕಾರ್ಯಾರಂಭ ಮಾಡಿ, ಅದೇ ವರ್ಷ ಮುಂಬಯಿಗೆ ಸ್ಥಳಾಂತರಗೊಂಡಿತು. ಮುಂದೆ ಸದರಿ ಸಂಸ್ಥೆಯ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಡಿ 2 ಕಿ.ಮೀ.ಗೂ ಹೆಚ್ಚು ಆಳದಲ್ಲಿ ಪ್ರಯೋಗಗಳನ್ನು ನಡೆಸಿದರು. ಹಟ್ಟಿ ಗಣಿಯನ್ನು ಬಲ್ಲ ಈ ಜಿಲ್ಲೆಯವರಿಗೆ ಅದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಗಣಿಯಲ್ಲಿ ಸಿಗದ ಎಲೆಕ್ಟ್ರಾನುಗಳನ್ನು ಗಾಳಿ ವಿರಳವಾಗಿರುವ ಎತ್ತರದಲ್ಲಿಯೇ ಹಿಡಿಯಬೇಕಾಯಿತು. ನಮ್ಮ ಕ್ಷೀರಪಥವು ತಟ್ಟೆಯಾಕಾರದ ಸುರುಳಿ ನಕ್ಷತ್ರಸಮೂಹ. ಅದರೊಳಗೆ ಸ್ಫೋಟಿಸಿದ ನಕ್ಷತ್ರಗಳ ಅವಶೇಷಗಳಿಂದ ಹೊರಟ ಎಲೆಕ್ಟ್ರಾನುಗಳು ನೇರವಾಗಿ ಸಾಗದೆ, ಸಿಕ್ಕುಸಿಕ್ಕಾದ ಕಾಂತಕ್ಷೇತ್ರದಲ್ಲಿ ಅಲೆಯುತ್ತಾ, ರೇಡಿಯೋ ಅಲೆಗಳ ರೂಪದಲ್ಲಿ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಶಕ್ತಿ ಹೆಚ್ಚಿದ್ದಷ್ಟೂ ನಷ್ಟವೂ ಬೇಗ. ಆದ್ದರಿಂದ ಅತ್ಯಧಿಕ ಶಕ್ತಿಯ ಎಲೆಕ್ಟ್ರಾನು ದೊರೆತಲ್ಲಿ ಅದರ ಮೂಲವು ಸಮೀಪದಲ್ಲಿಯೇ ಇದೆಯೆಂದು ತಿಳಿಯಬಹುದು. ಇಂತಹ ಎಲೆಕ್ಟ್ರಾನುಗಳನ್ನು 1961ರಲ್ಲಿ ಅಮೆರಿಕದ ಬಲೂನುಗಳು ಮೊದಲು ನೇರವಾಗಿ ಗುರುತಿಸಿದವು. ಅದೇ ದಶಕದಲ್ಲಿ ಭಾಭಾ ಅವರ ಸಂಸ್ಥೆಯ ಆರ್.ಆರ್. ಡೇನಿಯಲ್ ಮತ್ತು ಎಸ್.ಎ. ಸ್ಟೀಫನ್ಸ್ ಹೈದರಾಬಾದಿನಿಂದ ಬಲೂನು ಹಾರಿಸಿ ಅವುಗಳನ್ನು ಅಳೆದರು.

1966ರ ಜನವರಿ 24ರಂದು, ವಿಯೆನ್ನಾಕ್ಕೆ ತೆರಳುತ್ತಿದ್ದಾಗ ಮಾಂಟ್ ಬ್ಲಾಂಕ್ ಪರ್ವತದಲ್ಲಿ ಸಂಭವಿಸಿದ ವಿಮಾನ ಅಪಘಾತದಲ್ಲಿ ಭಾಭಾ ನಿಧನರಾದರು. ಹೈದರಾಬಾದಿನ ಬಲೂನು ಕೇಂದ್ರವು ಅವರ ನಂತರವೂ ಮುಂದುವರಿದಿದೆ. 2025ರ ಜನವರಿಯಲ್ಲಿ ಅಲ್ಲಿಂದ ಹಾರಿದ ಬಲೂನು ಬೀದರ್ ಜಿಲ್ಲೆಯ ಜಲಸಂಗಿ ಗ್ರಾಮದಲ್ಲಿ ಬಿದ್ದಾಗ ಗ್ರಾಮಸ್ಥರು ಗಾಬರಿಗೊಂಡಿದ್ದರು. ಇಂತಹ ಪ್ಯಾರಾಚೂಟು ಅಥವಾ ಪೆಟ್ಟಿಗೆ ಹೊಲದಲ್ಲಿ ಕಂಡುಬಂದಲ್ಲಿ ಅದನ್ನು ಬಿಚ್ಚಬಾರದು. ಕೆಲವು ಭಾಗಗಳಲ್ಲಿ ಅಧಿಕ ವೋಲ್ಟೇಜ್ ಇರಬಹುದು. ಒಡೆದ ಉಪಕರಣದಿಂದ ತಿಂಗಳುಗಟ್ಟಲೆಯ ಶ್ರಮದ ಮಾಹಿತಿ ನಷ್ಟವಾಗುತ್ತದೆ. ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಂಚೆ ಕಚೇರಿಗೆ ಕೂಡಲೇ ತಿಳಿಸತಕ್ಕದ್ದು.