ಜೇಮ್ಸ್ ಪಾರ್ಕಿನ್ಸನ್: ನಡುಕವನ್ನು ಅರಿತ ವೈದ್ಯ

ನರರೋಗಗಳ ಇತಿಹಾಸದಲ್ಲಿ ಜೇಮ್ಸ್ ಪಾರ್ಕಿನ್ಸನ್ ಅವರದು ಚಿರಸ್ಮರಣೀಯ ಹೆಸರು. 1755ರ ಏಪ್ರಿಲ್ 11ರಂದು ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ ಜನಿಸಿದ ಅವರು ತಂದೆಯಂತೆ ವೈದ್ಯವೃತ್ತಿಯನ್ನೇ ಕೈಗೊಂಡರು. ರಾಜಕೀಯ ಸುಧಾರಣೆಗಾಗಿ ಕರಪತ್ರಗಳನ್ನು ಬರೆದರು. ಪಳೆಯುಳಿಕೆಗಳ ಅಧ್ಯಯನದಲ್ಲೂ ಹೆಸರಾದರು.

1817ರಲ್ಲಿ ನಡುಕವಾಯುವನ್ನು ಕುರಿತ ಅವರ ಕಿರುಗ್ರಂಥ ಪ್ರಕಟವಾಯಿತು. ಅದಕ್ಕೆ ಆಧಾರ ಕೇವಲ ಆರು ಮಂದಿ ರೋಗಿಗಳು. ಅವರಲ್ಲಿ ಕೆಲವರನ್ನು ಅವರು ಬೀದಿಯಲ್ಲಿಯೇ ಕಂಡಿದ್ದರು. ಸುಮ್ಮನಿದ್ದಾಗಲೂ ನಡುಗುವ ಕೈ, ಮುಂದಕ್ಕೆ ಬಾಗಿದ ಮೈ, ತಡೆಯಲಾರದೆ ಓಟವಾಗುವ ನಡಿಗೆ ಎಲ್ಲವನ್ನೂ ದಾಖಲಿಸಿದರು. ರೋಗಮೂಲವು ಕುತ್ತಿಗೆಯ ಬೆನ್ನುಹುರಿಯಲ್ಲಿದೆಯೆಂಬ ಅವರ ಊಹೆ ತಪ್ಪಾಯಿತು; ಮಿದುಳಿನಲ್ಲಿ ಡೋಪಮೈನ್ ಕೊರತೆಯೇ ಕಾರಣವೆಂಬುದು 20ನೆಯ ಶತಮಾನದಲ್ಲಿ ತಿಳಿಯಿತು. ಆದರೆ ಕಣ್ಣಾರೆ ಕಂಡು ಬರೆದದ್ದು ಇಂದಿಗೂ ಸತ್ಯ.

1824ರ ಡಿಸೆಂಬರ್ 21ರಂದು ಅವರು ನಿಧನರಾದರು. ಕಾಯಿಲೆಗೆ ಅವರ ಹೆಸರನ್ನಿಟ್ಟವರು ಮುಂದೆ ಬಂದ ಫ್ರಾನ್ಸಿನ ಶಾರ್ಕೋ. ಶುಶ್ರೂಷೆಯೂ ಮೊದಲಾಗುವುದು ಇಂತಹ ತಾಳ್ಮೆಯ ನೋಟದಿಂದಲೇ.