ಉಪಕರಣಗಳ ಉಪಾಧ್ಯಾಯ ರುಚಿರಾಮ ಸಾಹನಿ

ಸಸ್ಯವಿಜ್ಞಾನಿ ಬೀರಬಲ್ ಸಾಹನಿಯವರ ಹೆಸರನ್ನು ನಮ್ಮಲ್ಲಿ ಅನೇಕರು ಬಲ್ಲರು. ಅವರ ತಂದೆಯವರಾದ ರುಚಿರಾಮ ಸಾಹನಿಯವರು ಹಿಂದಿನ ಪಂಜಾಬಿನಲ್ಲಿ ಬಹು ಪ್ರಸಿದ್ಧರು. ಆದರೆ ನಮ್ಮ ಕಡೆ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಬಡ ಶಾಲೆಗಳಲ್ಲಿಯೂ ವಿಜ್ಞಾನದ ಪ್ರಯೋಗಗಳು ನಡೆಯಬೇಕೆಂದು ದುಡಿದ ಆ ಮಹನೀಯರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿವೇದಿಸಿಕೊಳ್ಳುತ್ತೇನೆ.

ರುಚಿರಾಮರು 1863ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್ ಎಂಬ ಊರಿನಲ್ಲಿ ಜನಿಸಿದರು. ತಂದೆಯವರು ವ್ಯಾಪಾರಸ್ಥರು. ಮನೆಯ ಸ್ಥಿತಿ ಕೆಟ್ಟಾಗ ಹುಡುಗನು ಪುಸ್ತಕದ ಗಂಟನ್ನು ಬೆನ್ನಿಗೆ ಹಾಕಿಕೊಂಡು, ಕಾಲ್ನಡಿಗೆಯಲ್ಲಿ ಊರು ಬಿಟ್ಟು ವಿದ್ಯೆಯನ್ನು ಅರಸಿ ಹೊರಟನು. ವಿದ್ಯಾರ್ಥಿವೇತನಗಳ ಬಲದಿಂದಲೇ ಓದಿ, ಲಾಹೋರಿನ ಸರ್ಕಾರಿ ಕಾಲೇಜಿನ ಪದವೀಧರನಾದನು. 1885ರಲ್ಲಿ ಹವಾಮಾನ ಇಲಾಖೆಯನ್ನು ಸೇರಿದ ಅವರು, 1887ರಲ್ಲಿ ತಾವು ಓದಿದ ಕಾಲೇಜಿಗೇ ಅಧ್ಯಾಪಕರಾಗಿ ಹಿಂದಿರುಗಿದರು.

ತಮ್ಮ ಗುರುಗಳಾದ ಪ್ರೊಫೆಸರ್ ಓಮನ್ ಅವರೊಡನೆ ಸೇರಿ ರುಚಿರಾಮರು ಪಂಜಾಬ್ ಸೈನ್ಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಊರೂರಿಗೆ ಹೋಗಿ, ಇಂಗ್ಲಿಷಿನಲ್ಲಲ್ಲ, ಜನರಾಡುವ ಪಂಜಾಬಿಯಲ್ಲಿಯೇ ಉಪನ್ಯಾಸ ಮಾಡಿದರು. ತಂತಿಯ ಸುದ್ದಿ ಹೇಗೆ ಹರಿಯುತ್ತದೆ, ನಾವು ಕುಡಿಯುವ ನೀರು ಎಂಥದು, ಆಟದ ಗೊಂಬೆಗಳಲ್ಲಿ ಅಡಗಿರುವ ವಿಜ್ಞಾನವೇನು — ಇಂಥವೇ ಅವರ ವಿಷಯಗಳು. ಬಾಯಿಮಾತಿನೊಂದಿಗೆ ಪ್ರಯೋಗವೂ ಇರುತ್ತಿತ್ತು. ಅಂಗಡಿಯವರೂ ಒಂದೆರಡು ಆಣೆ ಕೊಟ್ಟು ಬಂದು ಕೇಳುತ್ತಿದ್ದರು.

ಆದರೆ ಶಾಲೆಗಳ ಪಾಡೇನು? ಉಪಕರಣಗಳು ಹೊರದೇಶದಿಂದ ಬರಬೇಕು, ಬೆಲೆಯೋ ದುಬಾರಿ, ಮುರಿದರೆ ದುರಸ್ತಿ ಮಾಡುವವರಿಲ್ಲ. ಇದರ ಫಲವೇನೆಂಬುದನ್ನು ನಾನು ಬಲ್ಲೆನು. ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಒಂದು ಗಾಜಿನ ಬೀರು ಇತ್ತು. ಅದರೊಳಗಿನ ತಕ್ಕಡಿ, ಮಸೂರ, ಪ್ರನಾಳಗಳನ್ನು ಮೂರು ವರ್ಷ ಹೊರಗಿನಿಂದ ನೋಡಿದೆನೇ ಹೊರತು ಒಮ್ಮೆಯೂ ಮುಟ್ಟಲಿಲ್ಲ. ಒಡೆದರೆ ಹೊಸದನ್ನು ಕೊಡುವವರಾರೆಂಬ ಭಯ ನಮ್ಮ ಮೇಷ್ಟರಿಗಿತ್ತು. ಅವರನ್ನು ನಾನು ದೂರುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ, ವಿಜ್ಞಾನವು ನಮ್ಮಂಥವರದಲ್ಲ ಎಂಬ ಭಾವನೆ ಮೂಡಿದ್ದು ಆ ಬೀಗವನ್ನು ನೋಡಿಯೇ.

ರುಚಿರಾಮರು ಈ ರೋಗದ ಮೂಲವನ್ನು ಹಿಡಿದರು. 1888ರಲ್ಲಿ ಅಲ್ಲಾ ಬಕ್ಷ್ ಎಂಬ ಕುಶಲ ಮಿಸ್ತ್ರಿಯನ್ನು ಜೊತೆಗೆ ಕರೆದುಕೊಂಡು ತಮ್ಮ ಮನೆಯಲ್ಲಿಯೇ ಕಾರ್ಖಾನೆಯೊಂದನ್ನು ಆರಂಭಿಸಿದರು. ಪ್ರೊಫೆಸರರ ಶಾಸ್ತ್ರಜ್ಞಾನವೂ ಮಿಸ್ತ್ರಿಯ ಕೈಚಳಕವೂ ಅಲ್ಲಿ ಒಂದಾದವು. ಶಾಲೆಗಳಿಗೆ ಬೇಕಾದ ಉಪಕರಣಗಳು ಅಲ್ಲಿ ತಯಾರಾಗಿ ಅಗ್ಗದ ಬೆಲೆಗೆ ದೊರೆಯತೊಡಗಿದವು. ಕೆಟ್ಟವು ದುರಸ್ತಿಯೂ ಆದವು. 1893ರಲ್ಲಿ ಪುಣೆಯಲ್ಲಿಯೂ, 1906ರಲ್ಲಿ ಕಲ್ಕತ್ತೆಯಲ್ಲಿಯೂ ಈ ಉಪಕರಣಗಳು ಪ್ರದರ್ಶಿತವಾಗಿ ಮೆಚ್ಚುಗೆ ಪಡೆದವು.

ಅವರ ಜ್ಞಾನದಾಹ ವಯಸ್ಸಿಗೆ ಸೋಲಲಿಲ್ಲ. ಐವತ್ತು ದಾಟಿದ ಮೇಲೆ, 1914ರಲ್ಲಿ, ವಿಕಿರಣಶೀಲತೆಯನ್ನು ಅಭ್ಯಸಿಸಲು ಜರ್ಮನಿಗೆ ತೆರಳಿದರು. ಯುದ್ಧ ಆರಂಭವಾಗಲು ಅಲ್ಲಿಂದ ಇಂಗ್ಲೆಂಡಿಗೆ ಹೋಗಿ, ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡರ ಬಳಿ ಕೆಲಸ ಮಾಡಿದರು. 1918ರಲ್ಲಿ ನಿವೃತ್ತರಾದರು. ಅಸಹಕಾರ ಚಳವಳಿಯ ಕಾಲದಲ್ಲಿ ಸರ್ಕಾರವಿತ್ತ ಬಿರುದನ್ನು ಹಿಂದಿರುಗಿಸಿದರು. ದೇಶವಿಭಜನೆಯಿಂದ ಲಾಹೋರು ಪರದೇಶವಾದ ಮರುವರ್ಷ, 1948ರಲ್ಲಿ, ಮುಂಬಯಿಯಲ್ಲಿ ತೀರಿಕೊಂಡರು.

ಸಹಪಾಠಿಗಳೇ, ನಮ್ಮಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು. ಮಗುವಿನ ಕೈಗೆ ಕೊಡಲಾಗದ ಉಪಕರಣವು ಶಾಲೆಯಲ್ಲಿದ್ದೂ ಇಲ್ಲದಂತೆಯೇ. ನಮ್ಮೂರಿನ ಬಡಗಿಯೋ ಕಮ್ಮಾರನೋ ಸರಿಮಾಡಬಲ್ಲ ತಕ್ಕಡಿ ಅಷ್ಟೇನೂ ನಯವಾಗಿಲ್ಲದಿದ್ದರೂ ಆಗಬಹುದು. ಒಡೆದೀತೆಂಬ ಭಯವಿಲ್ಲದೆ ಅದನ್ನು ಮಕ್ಕಳ ಮುಂದಿಡಬಹುದು. ಇಂಥ ಉಪಕರಣಗಳಿಗಾಗಿ ಸರ್ಕಾರದ ಹಣವನ್ನೇ ಕಾಯಬೇಕಾಗಿಲ್ಲ. ಊರಿನ ಕುಶಲ ಕೈಗಳನ್ನು ಗುರುತಿಸಿ, ಗೌರವದಿಂದ ಜೊತೆಗೆ ಸೇರಿಸಿಕೊಂಡರೆ ಕೆಲಸ ಆರಂಭವಾದಂತೆಯೇ.